ಶುಕ್ರವಾರ, ಬಲಗಡೆ

ಮಂಗಳವಾರ ಬೆಳಿಗ್ಗೆ ಏಳು ಹತ್ತಕ್ಕೆ ನಾನು ಎಡಗೈ ಎತ್ತದೆ ಅಂಗಿ ತೊಡುವ ಪ್ರಯತ್ನದಲ್ಲಿದ್ದೆ. ಅಡುಗೆಮನೆಯಲ್ಲಿ ಹೆಂಡತಿ ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಕಂಡುಕೊಂಡ ಒಂದೇ ಸತ್ಯವೆಂದರೆ, ಆ ಸಪ್ಪಳ ಇರುವವರೆಗೆ ಮನೆ ಕ್ಷೇಮ. ಸಪ್ಪಳ ನಿಂತಿತು.

ತಿರುಗಿ ನೋಡಿದರೆ ಆಕೆ ಬಾಗಿಲಲ್ಲಿದ್ದಳು. ನಡೆದು ಬಂದ ಸದ್ದು ಕೇಳಿರಲಿಲ್ಲ.

"ಎಡಗಡಿ ಏನಾಗೇತ್ರಿ?"

"ನಿನ್ನೆ ಬಚ್ಚಲದಾಗ ಕಾಲು ಜಾರಿತು."

"ನಿನ್ನೆ ನಳಾನಽ ಬಂದಿಲ್ಲಲ್ರಿ. ಒಣಾ ಬಚ್ಚಲದಾಗ ಹೆಂಗ ಜಾರಿದ್ರಿ?"

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಘರ್ಷಣೆಯ ಪಾಠವನ್ನು ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ. ಆದರೂ "ಸೋಪು ಬಿದ್ದಿತ್ತು" ಎಂದೆ. ಆಕೆ ರೆಪ್ಪೆ ಮಿಟುಕಿಸದೆ ನೋಡಿ ಒಳಗೆ ಹೋದಳು. ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

ಸುಳ್ಳಿಗೆ ಕಾರಣವಿತ್ತು. ಕಾಲೇಜು ದಿನಗಳಲ್ಲಿ ಗಂಗಾವತಿಯಲ್ಲಿ ನಾನು ಕರಾಟೆಯ ಹಸಿರು ಬೆಲ್ಟಿನವರೆಗೆ ಏರಿದ್ದೆ. ಇಪ್ಪತ್ತೈದು ವರ್ಷ ಮತ್ತು ಹದಿನೆಂಟು ಕಿಲೋ ಕಳೆದ ಮೇಲೆ (ಕಿಲೋ ಕಳೆದಿರಲಿಲ್ಲ, ಕೂಡಿತ್ತು) ಈ ವರ್ಷ ಕುಷ್ಟಗಿಯ ಕ್ಲಾಸಿಗೆ ಸೇರಿದೆ. ನನಗಿಂತ ಹದಿನಾರು ವರ್ಷ ಚಿಕ್ಕವನಾದ ಗುರು ಕಲ್ಲೇಶ, "ಹಳೇದೆಲ್ಲಾ ಮರ್ತು ಬಿಳೀ ಬೆಲ್ಟಿನಿಂದ ಬರ್ರಿ ಸರ್" ಎಂದ. ಬಂದೆ. ಮೊದಲ ತಿಂಗಳು ಕಾಲ್ಬೆರಳು ಊದಿತು, ಎರಡನೆಯ ತಿಂಗಳು ಮೊಣಕಾಲು. ಆಗ ಶಿವಲೀಲಾ ಕಟ್ಟಾಜ್ಞೆ ಹೊರಡಿಸಿದಳು: ಕರಾಟೆಯಲ್ಲಿ ಇನ್ನೊಂದು ಪೆಟ್ಟಾದರೆ ಆ ಬಿಳಿ ಸಮವಸ್ತ್ರ ಮುದಕಮ್ಮನ ಬುಟ್ಟಿಗೆ. ಮುದಕಮ್ಮ ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವವಳು. ಹಳದಿ ಬೆಲ್ಟಿನ ಪರೀಕ್ಷೆಗೆ ಎರಡು ವಾರವೂ ಉಳಿದಿರಲಿಲ್ಲ.

ನಿನ್ನೆಯ ಪೆಟ್ಟು ಕೊಟ್ಟವಳು ಖುಷ್ಬು. ವಯಸ್ಸು ಹನ್ನೊಂದು, ಕಂದು ಬೆಲ್ಟು, ಎತ್ತರ ನನ್ನ ಎದೆಯವರೆಗೂ ಇಲ್ಲ. ಬಿದ್ದ ಮೇಲೆ ನಾನು ಕಲ್ಲೇಶನಿಗೆ, "ಮನ್ಯಾಗ ಬಚ್ಚಲದಾಗ ಬಿದ್ದೆ ಅಂತ ಹೇಳ್ತೀನಪಾ" ಎಂದಾಗ ಅವಳು ಪಕ್ಕದಲ್ಲೇ ನಿಂತು ನೀರು ಕುಡಿಯುತ್ತಿದ್ದಳು.

ದವಾಖಾನೆಗೆ ಹೋದರೆ ಎಕ್ಸ್‌ರೇ ಕವರು ಮನೆ ಸೇರುತ್ತದೆ. ಎಲುಬು ಕಟ್ಟುವವರು ಕವರು ಕೊಡುವುದಿಲ್ಲ. ಅರ್ಧ ದಿನ ರಜೆ ಹಾಕಿ ತಾವರಗೇರಾದ ಶಫೀಸಾಬರ ಮನೆಗೆ ಹೋದೆ.

ಕಟ್ಟೆಯ ಮೇಲೆ ಆರು ಜನ ಕೂತಿದ್ದರು. ಪ್ರತಿಯೊಬ್ಬರೂ ತಮ್ಮದೊಂದು ಕೈಯನ್ನೋ ಕಾಲನ್ನೋ, ಬೇರೆ ಯಾರದೋ ಎಂಬಂತೆ, ಜೋಪಾನವಾಗಿ ಹಿಡಿದುಕೊಂಡಿದ್ದರು. ಒಳಗೆ ದಪ್ಪ ಕಲ್ಲುಗೋಡೆ, ಒಂದೇ ಕಿಟಕಿ, ಹಳೆಯ ಎಣ್ಣೆಯ ವಾಸನೆ. ಹೊರಗೆ ಎರಡು ಗಂಟೆಯ ಬಿಸಿಲಿದ್ದರೂ ನೆಲ ತಣ್ಣಗಿತ್ತು. ಶಫೀಸಾಬರಿಗೆ ಎಂಬತ್ತರ ಹತ್ತಿರ. ಪೊರೆ ಬಂದು ಎರಡು ಕಣ್ಣೂ ಹಾಲಿನ ಬಣ್ಣ. ನಾನು ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಚಾಪೆಯ ಮೇಲೆ ಮಲಗಿದೆ. ಅವರ ಬೆರಳುಗಳು ಪಕ್ಕೆಲುಬುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಒಂದು ಕಡೆ ನಿಂತವು.

"ಬಿದ್ದದ್ದಲ್ಲ ಇದು. ಒದ್ದದ್ದು," ಎಂದರು. "ಬಲಗಾಲು. ಕಾಲು ಸಣ್ಣದೈತಿ."

ನಾನು ಚಾಪೆಯ ಅಂಚು ಹಿಡಿದುಕೊಂಡೆ.

"ಸಾಲಿ ಮಾಸ್ತರ ಅಲ್ಲೇನ್ರಿ ನೀವು?"

"ಹೌದ್ರಿ."

"ಒದ್ದಾಗ 'ಯವ್ವಾ' ಅಂದ್ರಿ. ಮನ್ಯಾಗ ಬಚ್ಚಲದಾಗ ಬಿದ್ದೆ ಅಂತ ಹೇಳೀರಿ."

ಪ್ರತಿ ವರ್ಷ ವಿಜ್ಞಾನ ದಿನದಂದು ಮಕ್ಕಳೆದುರು ಅಂಗೈಯಲ್ಲಿ ಕರ್ಪೂರ ಉರಿಸಿ ಪವಾಡ ಬಯಲು ಮಾಡುವವನು ನಾನೇ. (ಮುಖ್ಯೋಪಾಧ್ಯಾಯರು ಹೋದ ವರ್ಷ ಶಾಲು ಹೊದಿಸಿದ್ದರು.) ಆ ಚಾಪೆಯ ಮೇಲೆ ನನ್ನ ಮೈಕೂದಲು ಒಂದೂ ಬಿಡದೆ ಎದ್ದು ನಿಂತವು.

ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಬಿಟ್ಟರು. ಹೊಸ್ತಿಲು ದಾಟುವಾಗ ಬೆನ್ನ ಹಿಂದೆ ಮೆಲ್ಲಗೆ ಕೇಳಿಸಿತು: "ಶುಕ್ರವಾರ ಬಲಗಡಿ."

ತಿರುಗಿದೆ. ಅವರು ಆಗಲೇ ಇನ್ನೊಬ್ಬರ ಹಿಮ್ಮಡಿ ಹಿಡಿದಿದ್ದರು. ಶುಕ್ರವಾರ ನನಗೆ ಕ್ಲಾಸ್ ಇದೆಯೆಂದು ನಾನು ಹೇಳಿರಲಿಲ್ಲ.

ಗುರುವಾರ ಶಾಲೆಯಿಂದ ಬಂದಾಗ ಗಾಳಿ ಪೂರ್ತಿ ನಿಂತಿತ್ತು. ಹಿತ್ತಲಿನ ಬೇವಿನ ಎಲೆ ಅಲುಗುತ್ತಿರಲಿಲ್ಲ. ಹಗ್ಗದ ಮೇಲೆ ಒಣಗಿದ್ದ ಸಮವಸ್ತ್ರದ ತೋಳು ಮಾತ್ರ ನಿಧಾನವಾಗಿ ಮೇಲೆದ್ದು, ನನ್ನ ಕಡೆ ಚಾಚಿ, ನಿಂತಿತು. ಬಲತೋಳು. ನಾನು ಚೀಲ ಕೆಳಗೆ ಬಿಟ್ಟೆ.

ಸಮವಸ್ತ್ರದ ಹಿಂದಿನಿಂದ ಶಿವಲೀಲಾಳ ದನಿ ಬಂತು: "ಅರಿವಿ ಭಾಳ ದಪ್ಪ ಐತ್ರಿ. ಇದಕ್ಕ ದೊಡ್ಡ ಸ್ಟೀಲ್ ಡಬ್ಬಿನಽ ಬರತೈತಿ."

ಶುಕ್ರವಾರ ಕ್ಲಾಸಿಗೆ ಹೋಗದಿದ್ದರೆ ಮುದುಕನ ಮಾತು ನಂಬಿದಂತಾಗುತ್ತದೆ. ವಿಜ್ಞಾನದ ಮಾನ ಕಾಯಲು ಹೋದೆ. ನೋಯುವ ಎಡ ಪಕ್ಕೆಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ. ಖುಷ್ಬು ವಿನಯದಿಂದ ತಲೆ ಬಾಗಿದಳು. ಆಮೇಲೆ ನನಗೆ ಕಂಡದ್ದು ಕ್ಲಾಸ್ ನಡೆಯುವ ಶೆಡ್ಡಿನ ಚಾವಣಿಯ ತಗಡು. ಬಲಕ್ಕೆ ಬಿದ್ದ ಒದೆತ ತಡೆಯಲು ಹೋಗಿ ಬಲ ಮುಂಗೈ ಬದನೆಕಾಯಿಯಂತೆ ಬಾತಿತ್ತು.

"ಲ್ಯಾಬಿನಾಗಿನ ಬೀರು ಬಡೀತು" ಎಂದೆ ಮನೆಯಲ್ಲಿ, ಕಲ್ಲೇಶನಿಗೆ ಮೊದಲೇ ಹೇಳಿಟ್ಟಂತೆ.

"ಬೀರೂನೂ ಸೋಪಿನ ಮ್ಯಾಲೆ ನಿಂತಿತ್ತೇನು?"

ಬೈಕ್ ಹಿಡಿಯಲು ಕೈ ಬರುತ್ತಿರಲಿಲ್ಲ. ಶನಿವಾರ ಸಂಜೆ ಶಿವಲೀಲಾಳೇ ಸ್ಕೂಟಿಯಲ್ಲಿ ಕೂಡಿಸಿಕೊಂಡು ತಾವರಗೇರಾಕ್ಕೆ ಹೊರಟಳು. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಆ ಬೆರಳುಗಳು ಮುಂಗೈ ಮುಟ್ಟಿದೊಡನೆ ಬೀರುವಿನ ಕಥೆ ಮುಗಿಯುತ್ತದೆ. ಅದರೊಂದಿಗೆ ನನ್ನ ಕರಾಟೆ.

ಶಫೀಸಾಬರು ಮುಂಗೈ ಹಿಡಿದರು. ಹಾಲುಗಣ್ಣು ಗೋಡೆಯ ಕಡೆ ಇತ್ತು. ಕಿಟಕಿಯ ಬೆಳಕು ನೆಲದ ಮೇಲೆ ಒಂದು ಗೇಣು ಸರಿಯಿತೆಂದು ನನಗನ್ನಿಸಿತು.

"ಅಜ್ಜಾರ, ಏನಾಗೇತ್ರಿ ಇವರಿಗೆ?" ಶಿವಲೀಲಾ ಕೇಳಿದಳು.

ಅವರು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯ ಮಾಡದಲ್ಲಿದ್ದ ಫೋನ್ ರಿಂಗಾಯಿತು.

"ಕೈ ಎಣ್ಣಿ ಆಗ್ಯಾವು. ಆ ಗುಂಡಿ ಒತ್ತವಾ, ಸ್ಪೀಕರ್ ಹಚ್ಚು."

ಶಿವಲೀಲಾ ಒತ್ತಿದಳು. ಕಲ್ಲುಗೋಡೆಗಳ ನಡುವೆ ಪರಿಚಿತ ದನಿಯೊಂದು ಮೊಳಗಿತು.

"ದಾದಾ, ನಾ ಖುಷ್ಬು! ಸೈನ್ಸ್ ಸರ್ ಬಂದಾರೇನು? ನೀ ಹೇಳಿದಂಗನಽ ಬಲಗಡಿ ಖಾಲಿ ಇತ್ತು ನೋಡು, ಒಂದಽ ಏಟಿಗೆ ಬಿದ್ರು! ಇನ್ನೊಂದು ಹೇಳಾಕ ಮರ್ತಿದ್ದೆ. ಈ ಸಲ ಮನ್ಯಾಗ ಬೀರು ಬಡೀತಂತ ಹೇಳ್ತಾರಂತ!"

ಖುಷ್ಬು ಶಫೀಸಾಬರ ಮೊಮ್ಮಗಳು. ದಿನಾ ಸಂಜೆ ಅಜ್ಜನಿಗೆ ಫೋನಿನಲ್ಲಿ ಕ್ಲಾಸಿನ ವರದಿ ಒಪ್ಪಿಸುತ್ತಾಳೆ. ಅಜ್ಜ ತನ್ನ ಕಡೆಯ ವರದಿ ಕೊಡುತ್ತಾರೆ. ಪವಾಡ ಬಯಲಾಯಿತು, ಜೊತೆಗೆ ನಾನೂ.

"ನೋವಿದ್ದ ಕಡೆ ಮನಷ್ಯಾ ಎರಡೂ ಕೈ ಇಡ್ತಾನ, ಇನ್ನೊಂದು ಕಡೆ ಬಯಲಾಗತೈತಿ. ಕೂಸು ಕೇಳ್ತು, ಹೇಳಿದೆ," ಎಂದರು ಶಫೀಸಾಬರು, ಪಟ್ಟಿ ಸುತ್ತುತ್ತ. "ನಿಮಗೂ ಹೇಳಿದ್ನಲ್ರಿ ಮಾಸ್ತರ. ನೀವಽ ಕೇಳಲಿಲ್ಲ."

ಶಿವಲೀಲಾ ನನ್ನ ಕಡೆ ನೋಡಲಿಲ್ಲ. ಫೋನಿನ ಹತ್ತಿರ ಬಾಗಿ, ತೀರ ಮೆಲ್ಲಗೆ ಹೇಳಿದಳು: "ತಂಗೀ, ನನ್ನ ನಂಬರ ಬರಕೋ."

ಸೋಮವಾರ ಸಂಜೆ ಕೈಗೆ ಪಟ್ಟಿ ಕಟ್ಟಿಕೊಂಡೇ ಕ್ಲಾಸಿಗೆ ಹೋಗಿ, ಬರೀ ಕಾಲಿನ ಪಾಠ ಮುಗಿಸಿ ಬಂದೆ. ಬೂಟು ಇನ್ನೂ ಬಿಚ್ಚಿರಲಿಲ್ಲ. ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಬೆನ್ನು ತಿರುಗಿಸಿಕೊಂಡೇ ಶಿವಲೀಲಾ ಅಂದಳು:

"ಎಡಗಾಲಿನ ಹೆಬ್ಬೆರಳಿಗೆ ಅರಿಷಿಣ ಹಚ್ಚಿಕೋರಿ. ಉಗುರು ಕಪ್ಪಾಗತೈತಿ."

ಬೂಟು ಬಿಚ್ಚಿ ನೋಡಿದೆ. ಕಪ್ಪಾಗುತ್ತಿತ್ತು.

"ಮತ್ತ ಅಂಗಿ?" ಎಂದು ಕೇಳಿದೆ.

"ಮುದಕಮ್ಮಗ ಬರೋ ಸೋಮವಾರ ಬಾ ಅಂದೀನಿ. ಪರೀಕ್ಷಾ ಪಾಸಾದ್ರ ಅಂಗಿ ನಿಮ್ದು. ಇಲ್ಲಾಂದ್ರ ಡಬ್ಬಿ ನಂದು."

ಪರೀಕ್ಷೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ಎದುರಾಳಿ ಖುಷ್ಬು. ಅದೇ ದಿನ ಹನ್ನೊಂದೂವರೆಗೆ ಶಫೀಸಾಬರಲ್ಲಿ ಶಿವಲೀಲಾ ನನ್ನ ಹೆಸರಿಗೆ ನಂಬರು ಹಚ್ಚಿಸಿದ್ದಾಳೆ.