ಸುಣ್ಣದ ಗೆರೆಯ ಸೂರ್ಯ

ಶಾಲೆಯ ಕರಿಹಲಗೆ ಇನ್ನಷ್ಟು ಅಗಲವಾಗಿದ್ದರೆ ಅಂಬ್ರಪ್ಪ ಮಾಸ್ತರರಿಗೆ ಆ ದಿನದ ಗೋಳು ಇರುತ್ತಿರಲಿಲ್ಲ. ಮಧ್ಯಾಹ್ನ ಯಾದಗಿರಿಯಿಂದ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವವರಿದ್ದರು. ಪಾಠ ಮೆಚ್ಚಿದರೆ ಸುರಪುರಕ್ಕೆ ವರ್ಗ. ಅಲ್ಲಿ ಹೆಂಡತಿ ಲಾಲಮ್ಮ, ಇನ್ನೂ ಅಪ್ಪನ ಗುರುತು ಹತ್ತದ ಕೂಸು. ಪಾಠವೋ ಸೂರ್ಯನದು. ಚಿತ್ರ ಹಲಗೆಯಲ್ಲಿ ಹಿಡಿಸದೆಂದು ಮಾಸ್ತರರು ಬೆಳಿಗ್ಗೆಯೇ ಪುಟ್ಟಿ ತುಂಬ ಸುಣ್ಣದ ಪುಡಿ ತಂದು ಶಾಲೆಯ ಬಯಲಿನಲ್ಲಿ ಸೂರ್ಯನನ್ನು ಬರೆದರು. ಅದರ ಮೈಮೇಲೆ ಒಂದು ಕಮಾನು, ಪಕ್ಕದಲ್ಲಿ ಹೊರಗೆ ಮುಖ ಮಾಡಿದ ಒಂದು ಉದ್ದ ಗೆರೆ.

ಆ ವರ್ಷ ಕೃಷ್ಣೆಯ ಕಾಲುವೆ ಶಹಾಪುರದ ಸುತ್ತ ಹಳ್ಳಿ ಹಳ್ಳಿಗೆ ಕವಲೊಡೆಯುತ್ತಿತ್ತು. ಸರ್ವೆಯವರ ಸುಣ್ಣದ ಗೆರೆ ಬಿದ್ದಲ್ಲಿ ಹಿಂದೆಯೇ ಅಗೆಯುವ ಯಂತ್ರ ಬರುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲು ಬಂದವಳು ಶಾಲೆಯ ಬೆನ್ನಿಗೇ ಮನೆಯಿದ್ದ ಮೋನಮ್ಮ. "ಮಾಸ್ತರ, ಗೆರಿ ನಮ್ಮ ದನದ ಕೊಟಿಗಿ ಕಡಿಗೇ ಹೊಂಟದಲ್ರಿ. ನಾ ನಿಮಗ ಏನ್ ಅನ್ಯಾಯ ಮಾಡೀನಿ?"

"ಯವ್ವಾ, ಇದು ಕಾಲುವಿ ಅಲ್ಲ. ಸೂರ್ಯನ ಮ್ಯಾಲ ಸ್ಫೋಟ ಆದಾಗ ಎಲೆಕ್ಟ್ರಾನ್ ಓಡೋ ದಾರಿ."

"ಯಾರ್ದರ ದಾರಿ ಇರ್ಲಿ, ಕೊಟಿಗಿ ಬಿಟ್ಟು ಹೋಗ್ಲಿ" ಎಂದ ಮೋನಮ್ಮ ಕಸಬರಿಗೆಯಿಂದ ಗೆರೆಯನ್ನು ಒಂದು ಮಾರು ಪಕ್ಕಕ್ಕೆ ಸರಿಸಿಯೇ ಬಿಟ್ಟಳು.

ಅಷ್ಟರಲ್ಲಿ ಊರ ಕೊನೆಯ ಹೊಲದ ಲಾಡ್ಲೇಸಾಬ ಬಂದು ಕಮಾನಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನಿಗೆ ನಿಜಕ್ಕೂ ಕುತೂಹಲ. "ಇದ್ರಾಗ ಹೊಂಟದ್ದು ಎಲ್ಲಿಗಿ ಹೋಗ್ತದ್ರಿ?"

ಕೇಳುವವನೊಬ್ಬ ಸಿಕ್ಕನಲ್ಲ ಎಂದು ಮಾಸ್ತರರು ಹಿಗ್ಗಿದರು. "ಕಾಂತಶಕ್ತಿಯ ಗೆರಿ ಹಿಡ್ಕೊಂಡೇ ಓಡ್ತಾವು, ಬದು ದಾಟಂಗಿಲ್ಲ. ಕೆಲವು ಈ ಬುಡಕ್ಕ ಇಳಿದು ದಟ್ಟ ಪದರಕ್ಕ ಬಡಿದು ಝಗ್ ಅಂತಾವು. ಕೆಲವು ನಡುದಾರ್ಯಾಗ ತಿರುಗಿ ಕಮಾನಿನೊಳಗೇ ಸಿಕ್ಕೊಂತಾವು. ಈ ಹೊರಗ ಹೋಗೋ ಗೆರಿ ಸಿಕ್ಕವು ಮಾತ್ರ ಭೂಮಿ ಕಡಿ ಬರ್ತಾವು."

"ಹೊಂಟಷ್ಟೂ ಮುಟ್ತಾವೇನ್ರಿ?"

"ಇಲ್ಲ. ದಾರ್ಯಾಗ ಎಷ್ಟು ಕಳೀತಾವು, ಹೆಂಗ ಕಳೀತಾವು ಅಂತ ದೊಡ್ಡ ದೊಡ್ಡವ್ರಿಗೂ ಪೂರಾ ಗೊತ್ತಾಗಿಲ್ಲ."

"ಅದ್ರಾಗ ಗೊತ್ತಾಗದೇನದ? ಮ್ಯಾಲಿನ ಹೊಲದವ್ರು ಒಡ್ಡು ಒಡೀತಾರ" ಎಂದ ಲಾಡ್ಲೇಸಾಬ, ಪುಟ್ಟಿಯಲ್ಲಿ ಉಳಿದ ಸುಣ್ಣದಿಂದ ಗೆರೆಯನ್ನು ತನ್ನ ಹೊಲದ ದಿಕ್ಕಿಗೆ ಎಳೆದ.

ಆಮೇಲೆ ಊರಿಗೆ ಊರೇ ಬಂತು. ಒಬ್ಬ ಅಳಿಸಿದ, ಇನ್ನೊಬ್ಬ ಬರೆದ. ಎಲೆಕ್ಟ್ರಾನು ಎಂದು ಮಾಸ್ತರರು ಗಂಟಲು ಹರಿದುಕೊಂಡಷ್ಟೂ "ಭಾರಿ ಕಾಲುವೀನೇ ಇರಬೇಕು, ಮಾಸ್ತರ ಮುಚ್ಚಿಡಾಕತ್ತಾರ" ಎಂಬ ಮಾತು ಗಟ್ಟಿಯಾಯಿತು. ಸಾಹೇಬರ ಜೀಪು ಬರುವ ಹೊತ್ತಿಗೆ ಸೂರ್ಯನಿಂದ ಹೊರಟ ಗೆರೆ ಕುಡಿದವನ ಹಾಗೆ ಊರೆಲ್ಲ ಸುತ್ತಿತ್ತು.

ಸಾಹೇಬರು ಮನಸ್ಸಿಟ್ಟು ಪಾಠ ಕೇಳಿದರು, ತಲೆದೂಗಿದರು. ಮಾಸ್ತರರ ಕಣ್ಣೆದುರು ಸುರಪುರದ ತೊಟ್ಟಿಲು ತೂಗಿತು. ಮಕ್ಕಳು ಹೋದ ಮೇಲೆ ಸಾಹೇಬರು ಅವರ ಹೆಗಲಿಗೆ ಕೈ ಹಾಕಿದರು.

"ಮಕ್ಕಳ ಮುಂದ ಕಾಲುವಿ ಅನ್ನದ ಎಲೆಕ್ಟ್ರಾನ್ ಅಂದದ್ದು ಚಲೋ ಆತು. ನಮ್ಮ ಹೊಲ ಇಲ್ಲೇ ದಿಬ್ಬದಾಚಿ ಅದ. ಅಲ್ಲೀತನಕ ಗೆರಿ ಮುಟ್ತದೇನು?"

ಬೆಳಗಿನಿಂದ ಅಲ್ಲ ಅಲ್ಲ ಎಂದು ಸೋತಿದ್ದ ಮಾಸ್ತರರು, ಹೌದೆಂದರೆ ಕೂಸಿನ ಮುಖ ಕಂಡೀತೆಂಬ ಆಸೆಗೆ ಮೊದಲ ಸಲ ಸುಳ್ಳಾಡಿದರು. "ಮುಟ್ತದ್ರಿ ಸಾಹೇಬ್ರ."

ಸಾಹೇಬರ ಮುಖ ಅರಳಿತು. ವರ್ಗದ ಹುಕುಮನ್ನು ಜೇಬಿನಿಂದ ತೆಗೆದು, ಮಡಚಿ, ಮತ್ತೆ ಒಳಗಿಟ್ಟರು. "ಹಂಗಾದ್ರ ನೀರು ಬರೋತನಕ ನಿಮ್ಮನ್ನ ಈ ಊರಿಂದ ಬಿಡಂಗಿಲ್ಲ, ಮಾಸ್ತರ. ಗೆರಿ ಕಾಯಾಕ ನಮ್ಮವ್ರು ಒಬ್ರು ಬೇಕಲ್ಲ."