ಮಾವನ ಹರಕೆ ಮೀಸೆ

ಶಿಲ್ಪ ಮಾಡಲು ಮೂರೇ ವಿಧಾನ: ಮಣ್ಣು ಮೆತ್ತುವುದು, ಅಚ್ಚು ತೆಗೆದು ಎರಕ ಹೊಯ್ಯುವುದು, ಕಲ್ಲು ಕೆತ್ತುವುದು. ಜಮಖಂಡಿಯ ಗ್ರಂಥಾಲಯದಲ್ಲಿ ಇಷ್ಟು ಓದಿದ ಮೇಲೆ, ಇನ್ನು ಮಾಡುವುದೊಂದೇ ಬಾಕಿ ಎನ್ನಿಸಿತು. ಮುಧೋಳದ ಸಂತೆಯಲ್ಲಿ ಒಂದು ಉಳಿಯನ್ನೂ ಕೊಂಡೆ.

ಬೀಳಗಿ ಕಡೆಯ ನಮ್ಮ ಮಾವನ ಊರು ಅಣೆಕಟ್ಟಿನ ಹಿನ್ನೀರಿಗೆ ಸೇರಿ, ಅವರು ಪುನರ್ವಸತಿ ಊರಿಗೆ ಬಂದಿದ್ದರು. ಹೊಸ ಮನೆಯ ಪಡಸಾಲೆಗೆ ಅವರದೇ ಮುಖದ ಶಿಲ್ಪ ಮಾಡಿಕೊಡುವುದಾಗಿ ಘೋಷಿಸಿದೆ. ಯಾರೂ ಕೇಳಿರಲಿಲ್ಲ.

ಮೊದಲು ಮಣ್ಣು. ಅಲ್ಲಿಯ ಎರೆಮಣ್ಣನ್ನೇ ತಂದು ಮೆತ್ತಿದೆ. ಮೂರು ದಿನಕ್ಕೆ ಒಣಗಿ, ಮಾವ ಹಣೆಯಿಂದ ಗದ್ದದವರೆಗೆ ಬೇಸಿಗೆಯ ಹೊಲದಂತೆ ಬಿರಿದರು.

"ಹೋಲಿಕಿ ಐತ್ರಿ," ಎಂದಳು ನನ್ನ ಹೆಂಡತಿ ಮಹಾದೇವಿ. "ಆದ್ರ ನಮ್ಮಪ್ಪ ಅಲ್ಲ, ನಮ್ಮಜ್ಜ ಕಂಡಂಗಾತು."

ಹಾಗಾದರೆ ಅಚ್ಚು. ನೇರವಾಗಿ ಮುಖದಿಂದಲೇ ತೆಗೆದರೆ ಹೋಲಿಕೆಯ ಪ್ರಶ್ನೆಯೇ ಬರುವುದಿಲ್ಲ. ಚರ್ಮಕ್ಕೂ ಕೂದಲಿಗೂ ಎಣ್ಣೆ ಸವರಿ ಪ್ಲಾಸ್ಟರ್ ಹಾಕಬೇಕೆಂದು ಪುಸ್ತಕದಲ್ಲಿತ್ತು.

"ಮೀಸಿಗಿ ಎಣ್ಣಿ ಹಚ್ಚಂಗಿಲ್ರಿ ಅಳ್ಯಾರ," ಎಂದರು ಮಾವ. "ಹರಕಿ ಮೀಸಿ ಇದು. ಹೊಸ ಊರಾಗ ಬೀರಪ್ಪ ಗುಡಿ ಒಳಗ ಕುಂದ್ರೂ ತನಕಾ ಎಣ್ಣಿಲ್ಲ, ಕತ್ತರಿಲ್ಲ."

ಐದು ವರ್ಷದ ಹರಕೆ. ದೇವರು ಗುಡಿ ಸೇರುವುದು ಬರುವ ಸೋಮವಾರ. ಇನ್ನು ನಾಲ್ಕೇ ದಿನ.

ಅಳಿಯನಾದವನು ಮಾವನಿಗೆ ಎದುರಾಡಬಾರದು. ಒಣ ಮೀಸೆಯ ಮೇಲೆಯೇ ಪ್ಲಾಸ್ಟರ್ ಹಾಕಿದೆ. ಉಸಿರಾಡಲು ಮೂಗಿಗೆ ಪಪ್ಪಾಯಿ ಎಲೆಯ ದಂಟು. ಒಂದು ಬೆರಳೆತ್ತಿದರೆ ಆರಾಮ, ಎರಡೆತ್ತಿದರೆ ತೊಂದರೆ ಎಂದು ಒಪ್ಪಂದವಾಯಿತು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮಾವ ಐದು ಬೆರಳೆತ್ತಿದರು.

ಅಚ್ಚನ್ನು ಎಳೆದೆ. ಜೊತೆಗೆ ಮಾವನೂ ಬಂದರು.

ಆಮೇಲಿನದು ಎರಡು ಬಗೆಯಾಗಿ ಉಳಿದಿದೆ. ನನ್ನ ನೆನಪಿನಲ್ಲಿ ನಾನು ಶಾಂತವಾಗಿ ಯೋಚಿಸುತ್ತಿದ್ದೆ. ಮಹಾದೇವಿಯ ನೆನಪಿನಲ್ಲಿ ನಾನು ಮಂಚದ ಹಿಂದೆ ನಿಂತಿದ್ದೆ. ಮಂಚ ಇದ್ದದ್ದು ನಿಜ.

ಅವಳೇ ಅಚ್ಚನ್ನು ಅಂಚಿನಿಂದ ಮುರಿಯುತ್ತ ಬಂದಳು. ಎಣ್ಣೆ ಹಚ್ಚಿದಲ್ಲೆಲ್ಲ ಸಲೀಸಾಗಿ ಬಿಟ್ಟಿತು. ಮೀಸೆಗೆ ಕಚ್ಚಿಕೊಂಡ ಬಿಳಿ ಗಡ್ಡೆ ಮಾತ್ರ ಉಳಿಯಿತು.

"ಕತ್ತರಿ ತರ್ಲೇನ ಅಪ್ಪಾ?"

"ನಾಕ ದಿನ ಐತಿ ಬೇ. ಬೀರಪ್ಪಗ ಏನ್ ಹೇಳ್ಲಿ? ಅಳ್ಯಾರು ಬೋಳಿಸಿದ್ರು ಅನ್ಲೇನು?"

ಇನ್ನು ಮೂರನೆಯ ವಿಧಾನವೇ ಗತಿ. ಉಳಿ ಹೊರಬಂತು. ಮಹಾದೇವಿ ಅಪ್ಪನ ತಲೆ ಹಿಡಿದಳು. ಬೇಡದ್ದನ್ನು ತೆಗೆದರೆ ಒಳಗಿನ ರೂಪ ತಾನೇ ಕಾಣುತ್ತದೆ ಎಂದು ಪುಸ್ತಕ ಹೇಳಿತ್ತು. ಆ ರೂಪ ನನ್ನನ್ನೇ ದಿಟ್ಟಿಸುತ್ತಿರುತ್ತದೆ ಎಂದು ಹೇಳಿರಲಿಲ್ಲ.

"ಸಾವಕಾಶ ಬಡೀರಿ," ಎಂದಳು. "ಹಿಂದ ಹಲ್ಲ ಅದಾವು."

ಸಂಜೆಯ ಹೊತ್ತಿಗೆ ಮೀಸೆ ಬಿಡುಗಡೆಯಾಯಿತು. ಬಲಗಡೆಯ ಹನ್ನೊಂದು ಕೂದಲು ಪ್ಲಾಸ್ಟರಿನ ಜೊತೆ ಹೋದವು. ಮಾವ ಅವನ್ನು ಒಂದೊಂದಾಗಿ ಆರಿಸಿ ಕಾಗದದಲ್ಲಿ ಕಟ್ಟಿ ದೇವರ ಜಗುಲಿಯ ಮೇಲಿಟ್ಟರು. ಸೋಮವಾರ ಗುಡಿಯಲ್ಲಿ ಬೋಳಿಸಿದ ಮೀಸೆಯ ಜೊತೆ ಆ ಪೊಟ್ಟಣವನ್ನೂ ಬೀರಪ್ಪನಿಗೆ ಒಪ್ಪಿಸಿದರು. ಲೆಕ್ಕದಲ್ಲಿ ಮೋಸವಿರಲಿಲ್ಲ.

ಹೊಸ ಮನೆಗೆ ಬಂದವರು ಶಿಲ್ಪ ಎಲ್ಲಿ ಎಂದು ಕೇಳಿದರೆ, ಮಾವ ತಮ್ಮ ಬೋಳು ಮೇಲ್ದುಟಿಯ ಮೇಲೆ ಉಳಿ ತಾಗಿದ ಸಣ್ಣ ಗಾಯದ ಗುರುತು ತೋರಿಸುತ್ತಾರೆ.

"ಇಲ್ಲೈತಿ ನೋಡ್ರಿ. ನಮ್ಮ ಅಳ್ಯಾರು ಕೆತ್ತಿದ್ದು."

ಶಿಲ್ಪಿಯಾಗಿ ನಾನು ಪೂರ್ತಿಗೊಳಿಸಿದ ಕೃತಿ ಮಾವನ ಆ ಮುಖವೊಂದೇ. ಅದೂ ನಾನು ಕೈ ಹಚ್ಚುವ ಮೊದಲೇ ಹೆಚ್ಚುಕಡಿಮೆ ಮುಗಿದಿತ್ತು.