ಮೀಟಿಂಗ್ ಬೇಡ ಎಂಬ ಅಪೀಲು

ಕಂಪನಿ ವ್ಯವಹಾರ ನೋಡುವ ಟ್ರಿಬ್ಯೂನಲ್ಲಿನ ಆದೇಶ ಬಂದ ದಿನದಿಂದ ಸುದರ್ಶನನಿಗೆ ಊಟ ಸೇರುತ್ತಿರಲಿಲ್ಲ. ಒಂದಾಗಬೇಕಿದ್ದ ಎರಡು ಕಂಪನಿಗಳಿಗೂ ಸೇರಿ ಇದ್ದವರು ಮೂರೇ ಮೂರು ಮಂದಿ ಷೇರುದಾರರು. ಮೂವರೂ 'ಈ ವಿಲೀನಕ್ಕೆ ನಮ್ಮ ಒಪ್ಪಿಗೆ ಇದೆ, ಸಭೆಯ ಅಗತ್ಯವಿಲ್ಲ' ಎಂದು ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟಿದ್ದರು. ಆದರೂ ಸಭೆ ಕರೆಯಲೇಬೇಕಂತೆ! ಅದಕ್ಕೊಬ್ಬ ಅಧ್ಯಕ್ಷ, ಮತ ಎಣಿಸುವುದಕ್ಕೆ ಇನ್ನೊಬ್ಬ, ಪೇಪರಿನಲ್ಲಿ ಜಾಹೀರಾತು, ಅಂಚೆಯಲ್ಲಿ ನೋಟಿಸು. ಹೊಟ್ಟೆ ತುಂಬಿದೆ ಎಂದು ಕೈಮುಗಿದವರನ್ನು ಭುಜ ಹಿಡಿದು ಪಂಕ್ತಿಯಲ್ಲಿ ಕೂರಿಸಿದ ಹಾಗೆ.

"ಮೂರು ಜನ ಬಂದು ಕೂತು 'ಹೂಂ' ಹೇಳಿ ಹೋದ್ರೆ ಮುಗೀತಲ್ಲ? ಅದಕ್ಕೆ ದಿಲ್ಲಿವರೆಗೆ ಅಪೀಲು ಎಂತಕ್ಕೆ?" ಎಂದು ಹೆಂಡತಿ ಅಪರ್ಣಾ ಕೇಳಿದ್ದಳು.

"ಇದು ತತ್ತ್ವದ ಪ್ರಶ್ನೆ. ನಿಂಗೆ ಅರ್ಥ ಆಗುದಿಲ್ಲ" ಎಂದು ಸುದರ್ಶನ ಗುಡುಗಿದ್ದ.

ತತ್ತ್ವವೂ ಇಲ್ಲ, ಮಣ್ಣೂ ಇಲ್ಲ. ಇದ್ದದ್ದು ಭಯ.

ವಿಷಯ ಇಷ್ಟೆ. ಡೊಂಬಿವಲಿಯ ಗುಳ್ಳ ಫುಡ್ಸ್ ಮತ್ತು ಕೋಪರಖೈರಣೆಯ ಕಡುಬು ಕೇಟರರ್ಸ್ ಎಂಬ ಎರಡು ಕಂಪನಿಗಳು ಒಂದಾಗಬೇಕಿತ್ತು. ಎರಡೂ ಉಡುಪಿ ಕಡೆಯ ಒಂದೇ ಮನೆತನದವು; ಒಂದಕ್ಕೆ ಅಲ್ಲಿಯ ಗುಳ್ಳ ಬದನೆಯ ಹೆಸರು, ಇನ್ನೊಂದಕ್ಕೆ ಕಡುಬಿನದು. ಒಂದಾಗಿ ಬಂದರೆ ಮಾತ್ರ ತಮ್ಮ ಕ್ಯಾಂಟೀನ್ ಕೊಡುತ್ತೇವೆಂದು ಐರೋಲಿಯ ಒಂದು ದೊಡ್ಡ ಐಟಿ ಪಾರ್ಕಿನವರು ಹೇಳಿದ್ದರು. ಅದು ತಪ್ಪಿದರೆ ಡೊಂಬಿವಲಿಯ ಅಡುಗೆಮನೆಗೆ ಬೀಗ ಬೀಳುವುದು ಖಂಡಿತ. ಅಲ್ಲಿನ ಡೈರೆಕ್ಟರ್ ಎನ್ನಿಸಿಕೊಂಡ ಮನೆತನದ ಅಳಿಯ ಸುದರ್ಶನ ಆಮೇಲೆ ಯಾರದೋ ಹೋಟೆಲಿನ ಗಲ್ಲಾದಲ್ಲಿ ಕೂರಬೇಕಿತ್ತು.

ಷೇರುದಾರರಲ್ಲಿ ಮೊದಲನೆಯವರು ಸುದರ್ಶನನ ಅತ್ತೆ, ಕಲ್ಯಾಣದ ರಮಾಮಣಿ. ಗುಳ್ಳ ಫುಡ್ಸ್ ಅವರ ಗಂಡ ಕಟ್ಟಿದ್ದು. ಎರಡನೆಯವರು ಅವರ ಮೈದುನ, ಕಡುಬು ಕೇಟರರ್ಸಿನ ಕಿಟ್ಟಣ್ಣ. ಮೂರನೆಯವಳು ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರ ಮಗಳು ಶ್ರೀಪ್ರಿಯಾ. ಅಪ್ಪ ತೀರಿಕೊಂಡ ಮೇಲೆ ಎರಡೂ ಕಂಪನಿಗಳಲ್ಲಿ ಅವಳಿಗೆ ಪಾಲು ಬಂದಿತ್ತು. ಐರೋಲಿಯಲ್ಲಿ ಐಟಿ ಕೆಲಸ, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ರಮಾಮಣಿಗೂ ಕಿಟ್ಟಣ್ಣನಿಗೂ ಮಾತಿಲ್ಲದೆ ವರ್ಷಗಳಾಗಿದ್ದವು. ಯಾರದೋ ಉಪನಯನಕ್ಕೆ ಗುಳ್ಳ ಫುಡ್ಸ್ ಮಾಡಿದ ಊಟದಲ್ಲಿ ಕಿಟ್ಟಣ್ಣ ಪಂಕ್ತಿಯ ನಡುವೆ ಕೂತು, ಎಲ್ಲರಿಗೂ ಕೇಳುವಂತೆ "ಗುಳ್ಳದ ಹುಳಿಗೆ ಉಪ್ಪು ಹಾಕ್ಲಿಕ್ಕೆ ಮರ್ತಿದ್ದಾರೆ" ಎಂದುಬಿಟ್ಟಿದ್ದ. ಅಂಥ ಮಾತನ್ನು ನಮ್ಮ ಕಡೆ ಕೈತೊಳೆಯುವಾಗ ಪಿಸುಗುಟ್ಟಬಹುದು. ಪಂಕ್ತಿಯಲ್ಲಿ ಆಡಿದರೆ ಕ್ಷಮೆಯಿಲ್ಲ.

ಹೀಗಿದ್ದ ಮೂವರ ಒಪ್ಪಿಗೆಯನ್ನು ಸುದರ್ಶನ ಹೇಗೆ ಪಡೆದ ಎಂದು ಕೇಳುತ್ತೀರಾ? ಮನೆಮನೆಗೆ ಹೋಗಿ ಪಡೆದ. ರಮಾಮಣಿಯ ಹತ್ತಿರ "ಹೊಸ ಕಂಪನಿಗೆ ಗುಳ್ಳದ ಹೆಸರೇ, ನೀವೇ ಚೇರ್ಮನ್" ಎಂದ. ಕಿಟ್ಟಣ್ಣನ ಹತ್ತಿರ "ಕಡುಬಿನ ಹೆಸರೇ, ನೀವೇ ಚೇರ್ಮನ್" ಎಂದ. ಶ್ರೀಪ್ರಿಯಾಳ ಹತ್ತಿರ "ಈ ಗುಳ್ಳ ಕಡುಬೆಲ್ಲ ಹಳೇದು, ಹೊಸ ಹೆಸರು ನೀನೇ ಇಡು, ಕುರ್ಚಿಯೂ ನಿಂದೇ" ಎಂದ. ಒಂದು ಕುರ್ಚಿ, ಮೂವರಿಗೆ ಮಾತು. ಅವರು ಒಬ್ಬರನ್ನೊಬ್ಬರು ಭೇಟಿಯಾಗುವ ಪ್ರಸಂಗವೇ ಬರುವುದಿಲ್ಲ ಎಂಬ ಧೈರ್ಯ ಅವನಿಗೆ. ಆ ಧೈರ್ಯದ ಬುಡಕ್ಕೆ ಟ್ರಿಬ್ಯೂನಲ್ಲು ಕೊಡಲಿ ಹಾಕಿತ್ತು.

ಅಪೀಲಿನ ವಿಚಾರಣೆಯ ಹಿಂದಿನ ಸಂಜೆ ದಿಲ್ಲಿಯಿಂದ ವಕೀಲರ ಫೋನು ಬಂತು. ಷೇರುದಾರರ ಒಪ್ಪಿಗೆ ಈಗಲೂ ಇದೆಯೇ ಎಂದು ನ್ಯಾಯಪೀಠ ಕೇಳಿದರೂ ಕೇಳಬಹುದು, ಮೂವರಿಂದ ಹೊಸ ಅಫಿಡವಿಟ್ ಮಾಡಿಸಿ ನಾಳೆ ಮಧ್ಯಾಹ್ನದೊಳಗೆ ಕಳುಹಿಸಿ ಎಂದರು.

"ಒಮ್ಮೆ ಪ್ರಮಾಣ ಮಾಡಿದ್ದು ಹಳಸಿ ಹೋಗ್ತದಾ ಸಾರ್? ಅದೇನು ನಿನ್ನೆಯ ಇಡ್ಲಿಯಾ?" ಎಂದು ಸುದರ್ಶನ ಕೂಗಾಡಿದ. ವಕೀಲರು ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ಠಾಣೆ ಸ್ಟೇಷನ್ನಿನ ಹತ್ತಿರ ಜಯೇಶ್ ಎಂಬ ನೋಟರಿ ಇದ್ದ. ಸಹಿಯನ್ನು ತನ್ನ ಕಣ್ಣೆದುರೇ ಹಾಕಬೇಕೆಂಬುದು ಅವನ ಹಟ. ಸುದರ್ಶನ ರಾತ್ರಿಯ ಊಟ ಬಿಟ್ಟು ಲೆಕ್ಕ ಹಾಕಿದ. ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಅತ್ತೆ. ಅವರು ಕಲ್ಯಾಣದ ಗಾಡಿ ಹತ್ತಿದ ಮೇಲೆ ಕಿಟ್ಟಣ್ಣ. ಅವರು ಹೋದ ಮೇಲೆ ಶ್ರೀಪ್ರಿಯಾ. ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವಂತಿಲ್ಲ.

ಮರುದಿನ ಬೆಳಿಗ್ಗೆ ಫೋನು ಹಿಡಿದು ಹೊರಟಾಗ ಎದುರು ಫ್ಲ್ಯಾಟಿನ ಬೂಬ ಬಾಗಿಲಲ್ಲೇ ನಿಂತಿದ್ದ. ಬೂಬ ಹೋಟೆಲು ಕೆಲಸದಿಂದ ನಿವೃತ್ತನಾದವನು. ಪರೋಪಕಾರದಿಂದ ಮಾತ್ರ ನಿವೃತ್ತನಾಗಿರಲಿಲ್ಲ.

"ಎಂತ ಮಾರ್ರೆ, ಇಷ್ಟು ಗಡಿಬಿಡಿ? ಏನಾದ್ರೂ ಮಾಡ್ಲಿಕ್ಕುಂಟಾ?"

ಸುದರ್ಶನನ ಫೋನಿಗೆ ದಿಲ್ಲಿಯವರ ಕರೆಯ ಮೇಲೆ ಕರೆ. ಜೀವಮಾನದಲ್ಲಿ ಒಂದು ತಪ್ಪನ್ನು ಮಾಡಬೇಕಾದರೆ ಮನುಷ್ಯ ಇಂಥ ಹೊತ್ತಿನಲ್ಲೇ ಮಾಡುತ್ತಾನೆ. ಮೂವರ ನಂಬರನ್ನೂ ಅವರವರ ಹೊತ್ತನ್ನೂ ಬೂಬನಿಗೆ ಕೊಟ್ಟು, "ಒಬ್ಬೊಬ್ಬರಿಗೆ ಬೇರೆ ಬೇರೆ ಫೋನ್ ಮಾಡಿ ಹೇಳಿ, ಮರೀಬೇಡಿ" ಎಂದು ಓಡಿದ.

ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದ ಎನ್ನುವುದು ತಪ್ಪು. ಹಿಂದಿನವರು ಹತ್ತಿದರು, ಅವನು ಮುಂದೆ ಇದ್ದ, ಅಷ್ಟೆ. ಬ್ಯಾಗು ಒಂದು ಕಡೆ, ಕೈ ಒಂದು ಕಡೆ, ಜೇಬಿನೊಳಗಿನ ಫೋನು ಇನ್ಯಾರದೋ ಸೊಂಟಕ್ಕೆ ಒತ್ತಿಕೊಂಡು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಮುಂಬ್ರಾ ದಾಟಿದ ಮೇಲೆ ಹೇಗೋ ಎಳೆದು ನೋಡಿದ.

ಬೂಬ ವಾಟ್ಸಾಪಿನಲ್ಲಿ ಗ್ರೂಪು ಮಾಡಿದ್ದ. ಗ್ರೂಪಿನ ಹೆಸರು 'ಮೀಟಿಂಗ್ ಬೇಡ'.

ಅದರಲ್ಲಿ ಬೂಬನ ಮೊದಲ ಸಂದೇಶ ಹೀಗಿತ್ತು: 'ನಮಸ್ಕಾರ. ಸುದರ್ಶನಣ್ಣನಿಗೆ ಮೂರು ಮೂರು ಸಲ ಕಾಯುವ ಕಷ್ಟ ಬೇಡ. ಎಲ್ಲರೂ ಹತ್ತೂವರೆಗೆ ಒಟ್ಟಿಗೆ ಬನ್ನಿ.' ಕೆಳಗೆ ನೋಟರಿಯ ಅಂಗಡಿಯ ಮ್ಯಾಪು, ಅದರ ಕೆಳಗೆ ಎರಡು ಗುಲಾಬಿ. ಆಮೇಲೆ ರಮಾಮಣಿ ಗ್ರೂಪು ಬಿಟ್ಟಿದ್ದರು. ಬಿಟ್ಟ ಮೇಲೆ ಕಿಟ್ಟಣ್ಣ ಏನು ಬರೆದನೋ ನೋಡಬೇಕೆಂದು ಬೂಬನಿಗೆ ಹೇಳಿ ಮತ್ತೆ ಸೇರಿದ್ದರು.

"ಯಾರು ಹೇಳಿದ್ದು ಗ್ರೂಪ್ ಮಾಡ್ಲಿಕ್ಕೆ?" ಸುದರ್ಶನ ಗಾಡಿಯಲ್ಲೇ ಫೋನಿಗೆ ಅರಚಿದ.

"ಹಾಗೆ ಮಾಡಿದ್ರೆ ಒಳ್ಳೆದಲ್ವಾ? ಥ್ಯಾಂಕ್ಸ್ ಎಲ್ಲ ಬೇಡ ಮಾರ್ರೆ" ಎಂದು ಆ ಕಡೆಯಿಂದ ಬೂಬ.

ಪಕ್ಕದಲ್ಲಿ ಜೋತಾಡುತ್ತಿದ್ದವರೊಬ್ಬರು, "ಮೀಟಿಂಗ್ ಕ್ಯಾನ್ಸಲ್ ಕರೋ ನಾ ಭಾಯ್, ಇತ್ನಾ ಟೆನ್ಷನ್ ಕಾಯ್ಕೂ?" ಎಂದು ಸಲಹೆ ಕೊಟ್ಟರು. ಅದನ್ನೇ ಕ್ಯಾನ್ಸಲ್ ಮಾಡಿಸಲು ತಾನು ಇಷ್ಟು ತಿಂಗಳಿನಿಂದ ಒದ್ದಾಡುತ್ತಿರುವುದು ಎಂದು ಅವರಿಗೆ ಹೇಳುವಷ್ಟು ಉಸಿರೂ ಸುದರ್ಶನನಲ್ಲಿ ಉಳಿದಿರಲಿಲ್ಲ.

ಠಾಣೆಯಲ್ಲಿ ಇಳಿದವನೇ ಓಡಿದ. ತಡವಾಗಿತ್ತು. ಕೋಪರಖೈರಣೆಯ ಗಾಡಿಯಲ್ಲಿ ಬಂದ ಕಿಟ್ಟಣ್ಣ, ಅದೇ ಗಾಡಿಗೆ ಐರೋಲಿಯಲ್ಲಿ ಹತ್ತಿದ ಶ್ರೀಪ್ರಿಯಾ, ಕಲ್ಯಾಣದಿಂದ ರಿಕ್ಷಾದಲ್ಲೇ ಬಂದ ರಮಾಮಣಿ, ಮೂವರೂ ಜಯೇಶನ ಅಂಗಡಿಯ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಡುವೆ ಶ್ರೀಪ್ರಿಯಾ, ಈ ಕೊನೆಯಲ್ಲಿ ಅತ್ತಿಗೆ, ಆ ಕೊನೆಯಲ್ಲಿ ಮೈದುನ. ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

"ಬೇಗ ಬೇಗ ಸಹಿ ಮಾಡಿ ಹೊರಡುವಾ" ಎಂದು ಸುದರ್ಶನ ಹಲ್ಲು ಕಿರಿದ.

"ಶ್ರೀಪ್ರಿಯಾ, ಅಲ್ಲಿ ಕೂತವರಿಗೆ ಹೇಳು" ಎಂದರು ರಮಾಮಣಿ, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ. "ನಾಳೆಯಿಂದ ಕಂಪನಿ ಗುಳ್ಳ ಫುಡ್ಸ್. ಚೇರ್ಮನ್ ನಾನು. ಹಳೇದೆಲ್ಲ ನಾನು ಮರ್ತಿದ್ದೇನೆ. ಬೇಕಾದ್ರೆ ಅವರಿಗೆ ಉಗ್ರಾಣ ನೋಡ್ಕೊಳ್ಳುವ ಕೆಲಸ ಕೊಡ್ತೇನೆ."

"ಹೌದಾ? ಆ ಕೊನೆಯಲ್ಲಿ ಕೂತವರಿಗೂ ಹೇಳು" ಎಂದ ಕಿಟ್ಟಣ್ಣ. " ಕಂಪನಿಯ ಹೆಸರು ಕಡುಬು, ಚೇರ್ಮನ್ ಕಿಟ್ಟಣ್ಣ. ಉಪ್ಪು ಹಾಕುವ ಕೆಲಸ ಮಾತ್ರ ಅವರಿಗೆ ಕೊಡುದಿಲ್ಲ."

ಶ್ರೀಪ್ರಿಯಾ ಇಬ್ಬರನ್ನೂ ನೋಡಿದಳು. ಆಮೇಲೆ ನಿಧಾನವಾಗಿ ಸುದರ್ಶನನ ಕಡೆ ತಿರುಗಿದಳು. "ಜೀಜು, ಚೇರ್ಮನ್ ತೋ ಮೈ ಬನ್ನೇವಾಲೀ ಥೀ ನಾ? ಮೈನೇ ತೋ ಲೋಗೋ ಭೀ ಬನಾ ಲಿಯಾ." ಚೇರ್ಮನ್ ಆಗಬೇಕಿದ್ದವಳು ತಾನಂತೆ, ಲೋಗೋ ಕೂಡ ಮಾಡಿಯಾಗಿದೆಯಂತೆ.

ಅಷ್ಟು ವರ್ಷಗಳಿಂದ ಮುಖ ನೋಡದ ಅತ್ತಿಗೆ ಮೈದುನ ಮೊದಲ ಬಾರಿಗೆ ಪರಸ್ಪರ ನೋಡಿದರು. ಇಬ್ಬರ ಮುಖದಲ್ಲೂ ಒಂದೇ ಸಿಟ್ಟು ಇತ್ತು, ಅದು ಪರಸ್ಪರರ ಮೇಲಿನದಾಗಿರಲಿಲ್ಲ.

"ಕಿಟ್ಟ, ನಿಂಗೂ ಹೀಗೇ ಹೇಳಿದ್ನಾ?"

"ಹೌದು ಅತ್ತಿಗೆ. ನಮ್ಮ ಮನೆಯಲ್ಲಿ ಪತ್ರೊಡೆ ತಿಂದು ಹೇಳಿದ್ದು."

"ನನ್ನಲ್ಲಿ ಎರಡು ಸಲ ಹಾಕಿಸ್ಕೊಂಡು ತಿಂದಿದ್ದ."

"ಮೇರೇ ಪಾಸ್ ಪಿಜ್ಜಾ" ಎಂದಳು ಶ್ರೀಪ್ರಿಯಾ.

ಮುಂದಿನ ಅರ್ಧ ಗಂಟೆ ಸುದರ್ಶನನಿಗೆ ಆದ ಮರ್ಯಾದೆಯನ್ನು ಬರೆಯುವುದು ಬೇಡ. ಸ್ಟಾಂಪ್ ಪೇಪರಿಗೆ ಬಂದವರೆಲ್ಲ ಅದನ್ನು ನಿಂತು ಕೇಳಿದರು. ಅವನೂ ಸುಮ್ಮನಿರಲಿಲ್ಲ. "ನಾನೇನು ನನಗೋಸ್ಕರ ಮಾಡಿದ್ನಾ? ನೀವು ಮೂವರು ಒಂದು ಸಲ ಫೋನೆತ್ತಿ ಮಾತಾಡಿದ್ರೆ ನಾನು ಯಾಕೆ ಸುಳ್ಳು ಹೇಳ್ಬೇಕಿತ್ತು? ಉಪ್ಪಿನ ವಿಷಯಕ್ಕೆ ಎರಡು ಅಡುಗೆಮನೆ, ನಲ್ವತ್ತು ಜನರ ಕೆಲಸ ಮುಳುಗಿಸ್ಲಿಕ್ಕೆ ಹೊರಟವರು ನೀವು!" ಎಂದು ಅವನೂ ಮೇಜು ಗುದ್ದಿದ. ಮಾತು ನಿಜವಾಗಿತ್ತು. ಆದರೆ ಸಿಕ್ಕಿಬಿದ್ದವನ ಬಾಯಲ್ಲಿ ನಿಜಕ್ಕೆ ಯಾವ ಬೆಲೆ?

"ಸೈನ್ ಕರ್ನಾ ಹೈ ಕಿ ನಹೀ?" ಎಂದು ಜಯೇಶ್ ಮುದ್ರೆ ಹಿಡಿದೇ ಕೇಳಿದ.

"ಇಲ್ಲ!" ಮೂವರೂ ಒಂದೇ ದನಿಯಲ್ಲಿ ಹೇಳಿದರು. ಆ ಮನೆತನ ಒಂದೇ ದನಿಯಲ್ಲಿ ಮಾತಾಡಿದ್ದು ಬಹುಶಃ ಅದೇ ಮೊದಲು.

ಆಮೇಲೆ ವಿಚಿತ್ರ ನಡೆಯಿತು. ಬೈದು ಬೈದು ಸುಸ್ತಾದ ಮೂವರೂ ಅದೇ ಬೆಂಚಿನ ಮೇಲೆ ಹತ್ತಿರ ಹತ್ತಿರ ಕೂತು ಚಹಾ ತರಿಸಿಕೊಂಡರು. ವಿಲೀನ ಆಗಲಿ, ಆದರೆ ಹೆಸರು ಯಾವುದು, ಕುರ್ಚಿ ಯಾರಿಗೆ ಎಂಬುದನ್ನು ಟ್ರಿಬ್ಯೂನಲ್ಲು ಹೇಳಿದ ಸಭೆಯಲ್ಲೇ ಕೂತು ತೀರ್ಮಾನಿಸೋಣ ಎಂದು ಶ್ರೀಪ್ರಿಯಾ ಹೇಳಿದಳು.

"ಅದೇ ಸರಿ" ಎಂದರು ರಮಾಮಣಿ. "ಎದುರಿಗೆ ಕೂತು ಮಾತಾಡಿದ್ರೆ ಎಲ್ಲ ಹೊರಗೆ ಬರ್ತದೆ. ಆ ನ್ಯಾಯಾಧೀಶರು ಎಷ್ಟು ಚಂದ ಹೇಳಿದ್ದಾರೆ ನೋಡು. ನಮ್ಮವರಿಗಿಂತ ಅವರೇ ಮೇಲು."

ಸುದರ್ಶನನ ಎದೆಯ ಕಲ್ಲು ಇಳಿದಂತಾಯಿತು. ಸುಳ್ಳು ಬಯಲಾಗಿ ಮಾನ ಹೋಗಿದ್ದು ಹೌದು, ಆದರೆ ವಿಲೀನ ಉಳಿಯಿತಲ್ಲ! ಸಭೆ ನಡೆದರೆ ಆಯಿತು, ಅಪೀಲೇ ಬೇಡ. ವಾಪಸು ತೆಗೆದುಕೊಳ್ಳಿ ಎಂದು ಹೇಳಲು ದಿಲ್ಲಿಯ ನಂಬರು ಒತ್ತಿದ. ವಕೀಲರು ಎತ್ತಲಿಲ್ಲ. ಮತ್ತೆ ಒತ್ತಿದ. ಮತ್ತೂ ಎತ್ತಲಿಲ್ಲ. ಚಹಾದ ಲೋಟಗಳು ಖಾಲಿಯಾಗುವ ಹೊತ್ತಿಗೆ ಅವರೇ ಫೋನು ಮಾಡಿದರು. ರಮಾಮಣಿ ಅದನ್ನು ಕಸಿದು ಸ್ಪೀಕರಿಗೆ ಹಾಕಿದರು. ಇನ್ನು ಮುಂದೆ ಅಳಿಯನ ಯಾವ ಮಾತೂ ಗುಟ್ಟಾಗಿ ನಡೆಯಕೂಡದು ಎಂಬುದು ಅವರ ಮೊದಲ ಠರಾವು.

"ಬಧಾಯೀ ಹೋ ಸುದರ್ಶನ್‌ಜೀ! ನಮ್ಮ ಕೇಸು ಬೆಳಿಗ್ಗೆ ಮೊದಲೇ ಬಂತು" ಎಂದು ವಕೀಲರು ಹಿಂದಿಯಲ್ಲಿ ಆರ್ಭಟಿಸಿದರು. "ಹೊಸ ಅಫಿಡವಿಟ್ ಕೇಳಲೇ ಇಲ್ಲ. ಹಳೆಯ ಒಪ್ಪಿಗೆ ಸಾಕು ಎಂದರು. ಮೂವರೂ ಒಪ್ಪಿದ ಮೇಲೆ ಸಭೆ ಯಾಕೆಂದು ಕೆಳಗಿನ ಆದೇಶ ರದ್ದು ಮಾಡಿದರು. ಸಭೆ ನಡೆಸುವ ಹಾಗೇ ಇಲ್ಲ. ನೀವು ಗೆದ್ದಿರಿ!"

ಬೆಂಚಿನ ಮೇಲೆ ಮೂವರೂ ಒಟ್ಟಿಗೆ ಎದ್ದು ನಿಂತರು.

"ನಮ್ಮ ಸಭೆಯನ್ನು ಬೇಡ ಅನ್ಲಿಕ್ಕೆ ಅವರು ಯಾರು?" ಕಿಟ್ಟಣ್ಣನ ಮೀಸೆ ಅದುರುತ್ತಿತ್ತು. "ಇದರ ಮೇಲೆ ಎಲ್ಲಿಗೆ ಹೋಗ್ಲಿಕ್ಕುಂಟು?"

"ಸುಪ್ರೀಂ ಕೋರ್ಟ್" ಎಂದ ಜಯೇಶ್, ಅಷ್ಟು ಮಾತ್ರ ಕನ್ನಡ ಅರ್ಥವಾದವನಂತೆ.

"ಹಾಕು ಅಪೀಲು!"

"ಆದರೆ ಗೆದ್ದವರು ನಾವೇ ಅಲ್ವಾ ಅತ್ತೆ" ಎಂದು ಸುದರ್ಶನ ಗೋಗರೆದ.

"ಗೆದ್ದವನು ನೀನು. ಸೋತವರು ನಾವು. ನಮ್ಮ ಪರವಾಗಿ ಓಡಾಡ್ಲಿಕ್ಕೆ ಮನೆಯಲ್ಲಿ ಬೇರೆ ಯಾರಿದ್ದಾರೆ? ಕಾಗದ ಪತ್ರವೆಲ್ಲ ಗೊತ್ತಿರುವುದು ನಿಂಗೇ. ನೀನೇ ಮಾಡಿಸು."

ಜಯೇಶ್ ಹೊಸ ಹಾಳೆ ತೆಗೆದ. ಸಭೆ ಬೇಕೇ ಬೇಕೆಂಬ ಅಫಿಡವಿಟ್ಟಿಗೆ ಮೂವರೂ ಸಾಲಾಗಿ ನಿಂತು, ಓದದೆಯೇ ಸಹಿ ಹಾಕಿದರು. ಕಿಟ್ಟಣ್ಣ ತನ್ನ ಪೆನ್ನನ್ನು ಅತ್ತಿಗೆಗೆ ಕೊಟ್ಟ. ಅವರು ಅದನ್ನು ತೆಗೆದುಕೊಂಡರು.

"ಅಪೀಲು ಕಿಸ್ಕೇ ಖಿಲಾಫ್?" ಯಾರ ವಿರುದ್ಧ ಎಂದು ಜಯೇಶ್ ಮುದ್ರೆ ಎತ್ತಿ ಕೇಳಿದ.

"ಕಂಪನಿ ಕೇ" ಎಂದಳು ಶ್ರೀಪ್ರಿಯಾ.

"ಕಂಪನಿ ಕೀ ತರಫ್ ಸೇ ಜವಾಬ್ ಕೌನ್ ದೇಗಾ?" ಕಂಪನಿಯ ಪರವಾಗಿ ಉತ್ತರ ಕೊಡುವವರು ಯಾರು ಎಂದು ಅವನ ಪ್ರಶ್ನೆ.

ಮೂವರೂ ಸುದರ್ಶನನ ಕಡೆ ಬೆರಳು ತೋರಿಸಿದರು.